ಯಾವ ಸೇರಿನಲ್ಲಿ ಅಳೆದಿರಿ?

(ಸುವರ್ಣ ಮಹೋತ್ಸವದಲ್ಲಿ ಹಳೆ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ವಿಜ್ಞಾನದ ಬಗ್ಗೆ ಹತ್ತು ನಿಮಿಷ ಮಾತಾಡಬೇಕೆಂದು ಮುಖ್ಯೋಪಾಧ್ಯಾಯರ ಅಪ್ಪಣೆ. ನಾನು ಅಕ್ಕಿಯಿಂದ ಶುರುಮಾಡುತ್ತೇನೆ.

ನಾನು ಚಿಕ್ಕವನಿದ್ದಾಗ ಮಂಗಳೂರಿನ ಅಂಗಡಿಗಳಿಗೆ ಕಿಲೋ ಬಂದಿತ್ತು. ಮನೆಯೊಳಗೆ ಇನ್ನೂ ಸೇರಿನದೇ ಆಡಳಿತ. ನೆರೆಮನೆಯಿಂದ ತಂದ ಹತ್ತು ಸೇರು ಕುಚ್ಚಲಕ್ಕಿಯನ್ನು ಅಮ್ಮ ಹತ್ತು ಸೇರು ಅಳೆದೇ ಹಿಂದಿರುಗಿಸಿದರು. ಅವರು ತಮ್ಮ ಸೇರಿನಲ್ಲಿ ಅಳೆದರೆ ಒಂಬತ್ತೂವರೆ! ಎರಡು ತಿಂಗಳು ಮಾತಿಲ್ಲ. ಕೊನೆಗೆ ಅಜ್ಜಿ ಎರಡೂ ಸೇರುಗಳನ್ನು ಜಗಲಿಯಲ್ಲಿಟ್ಟು, ಒಂದರ ಅಕ್ಕಿಯನ್ನು ಇನ್ನೊಂದಕ್ಕೆ ಸುರಿದು ತೋರಿಸಿದರು. ಯಾರೂ ಮೋಸ ಮಾಡಿರಲಿಲ್ಲ, ಸೇರುಗಳೇ ಬೇರೆ.

ಇಂಥದೇ ತೊಡಕು ಅಮೆರಿಕದ ಷಿಕಾಗೋ ಬಳಿಯ ಫರ್ಮಿಲ್ಯಾಬ್‌ನಲ್ಲೂ ಬಂತು. ಅಲ್ಲಿನ ಟೆವಟ್ರಾನ್ ಯಂತ್ರದಲ್ಲಿ ಪ್ರೋಟಾನು ಮತ್ತು ಪ್ರತಿಪ್ರೋಟಾನುಗಳನ್ನು ಡಿಕ್ಕಿ ಹೊಡೆಸುತ್ತಿದ್ದರು. ಸಿ.ಡಿ.ಎಫ್. ಮತ್ತು ಡಿ-ಝೀರೋ ಎಂಬ ಎರಡು ತಂಡಗಳು ಅದನ್ನು ಗಮನಿಸುತ್ತಿದ್ದವು. ಡಿ-ಝೀರೋದಲ್ಲಿ ಮುಂಬಯಿಯ ಟಾಟಾ ಸಂಸ್ಥೆ, ದೆಹಲಿ ಮತ್ತು ಪಂಜಾಬ್ ವಿಶ್ವವಿದ್ಯಾನಿಲಯಗಳ ನಮ್ಮವರೂ ಇದ್ದರು. 1995ರಲ್ಲಿ ಟಾಪ್ ಕ್ವಾರ್ಕನ್ನು ಕಂಡುಹಿಡಿದವರು ಈ ಎರಡು ತಂಡದವರೇ.

ಒಂದು ಕಣ ಹುಟ್ಟುವ ಸಾಧ್ಯತೆಯ ಅಳತೆಗೆ ಕ್ರಾಸ್ ಸೆಕ್ಷನ್ ಎನ್ನುತ್ತಾರೆ. ಅದರ ಮಾನ ಮಿಲಿಬಾರ್ನ್. ಸಿಕ್ಕಿದ ಕಣಗಳನ್ನು ಎಣಿಸಿ, ಡಿಕ್ಕಿಗೆ ಒಟ್ಟು ಎಷ್ಟು ಅವಕಾಶವಿತ್ತು ಎಂಬ ಸಂಖ್ಯೆಯಿಂದ ಭಾಗಿಸಬೇಕು. ಆ ಸಂಖ್ಯೆಯೇ ಇಲ್ಲಿಯ ಸೇರು. ಅದನ್ನು ತಿಳಿಯಲು ಸಾಮಾನ್ಯ ಡಿಕ್ಕಿಗಳನ್ನು ಎಣಿಸುತ್ತಾರೆ. ಆದರೆ ಸಾಮಾನ್ಯ ಡಿಕ್ಕಿಯ ಕ್ರಾಸ್ ಸೆಕ್ಷನ್ ಎಷ್ಟೆಂದು ಮೊದಲೇ ಗೊತ್ತಿರಬೇಕು. ಅಲ್ಲೇ ಭಿನ್ನಾಭಿಪ್ರಾಯ. ಎಲ್ಲ ಬಗೆಯ ಡಿಕ್ಕಿಗಳೂ ಸೇರಿ ಸಿ.ಡಿ.ಎಫ್. ಅಳೆದದ್ದು ಸುಮಾರು 80 ಮಿಲಿಬಾರ್ನ್. ಇ-811 ಎಂಬ ಇನ್ನೊಂದು ಪ್ರಯೋಗದಲ್ಲಿ ಸುಮಾರು 72. ಸಿ.ಡಿ.ಎಫ್. ತನ್ನ ಅಳತೆಯನ್ನೇ ನಂಬಿತು. ಡಿ-ಝೀರೋ ಇತರರದನ್ನೂ ಸೇರಿಸಿ ಸರಾಸರಿ ಹಿಡಿಯಿತು. ಕಣಗಳ ಎಣಿಕೆ ಸರಿಯಿದ್ದರೂ ಎರಡು ತಂಡಗಳ ಫಲಿತಾಂಶಗಳ ನಡುವೆ ಸುಮಾರು ಶೇಕಡ 6ರ ಅಂತರ ಉಳಿಯಿತು.

2001ರಲ್ಲಿ ಯಂತ್ರದ ಎರಡನೇ ಸರದಿ ಶುರುವಾದ ಮೇಲೆ ಇಬ್ಬರೂ ಒಂದೇ ಸೇರಿಗೆ ಒಪ್ಪಿದರು. ಬರೀ ಪುಟಿದು ಹೋಗುವ ಡಿಕ್ಕಿಗಳನ್ನು ಬಿಟ್ಟು ಉಳಿದವಕ್ಕೆ 60.7 ಮಿಲಿಬಾರ್ನ್. ಯಾರ ಅಳತೆ ತಪ್ಪೆಂದು ತೀರ್ಮಾನವಾಗಿರಲಿಲ್ಲ. ಅದನ್ನು ಮುಚ್ಚಿಡದೆ, 2.4ರಷ್ಟು ಹೆಚ್ಚು ಕಡಿಮೆ ಇರಬಹುದೆಂದು ಪಕ್ಕದಲ್ಲೇ ಬರೆದರು. ನನಗೆ ದೊಡ್ಡದಾಗಿ ಕಂಡದ್ದು ಈ ಪ್ರಾಮಾಣಿಕತೆ.

ಏಕೆಂದರೆ ನಾನು ಹಾಗೆ ಮಾಡಿರಲಿಲ್ಲ. ಹುಡುಗನಾಗಿದ್ದಾಗ ಲೋಲಕದ ಪ್ರಯೋಗದಲ್ಲಿ ನನಗೆ ಬಂದದ್ದು 9.3, ಪಕ್ಕದವನಿಗೆ 9.8. ನನ್ನದನ್ನು ಅಳಿಸಿ 9.8 ಎಂದೇ ಬರೆದೆ. ಮಾರ್ಕು ಸಿಕ್ಕಿತು. ಇಬ್ಬರ ಗಡಿಯಾರಗಳನ್ನೂ ಒಟ್ಟಿಗೆ ಓಡಿಸಿ ನೋಡಿದ್ದರೆ, ಬಹುಶಃ ಮಾರ್ಕಿಗಿಂತ ದೊಡ್ಡದೇನಾದರೂ ಸಿಗುತ್ತಿತ್ತು.

ಮಕ್ಕಳೇ, ನಿಮ್ಮ ಉತ್ತರ ಪಕ್ಕದವರದಕ್ಕೆ ತಾಳೆಯಾಗದಿದ್ದರೆ ಅಳಿಸಬೇಡಿ, ಜಗಳಕ್ಕೂ ಹೋಗಬೇಡಿ. ಮೊದಲು ಎರಡೂ ಸೇರುಗಳನ್ನು ಜಗಲಿಗೆ ತನ್ನಿ.