ಸೇನ್ ನದಿಯಲ್ಲಿ ಒಂದು ವಾರ



ಫ್ರಾನ್ಸ್ ದೇಶವನ್ನು ನೋಡಹೊರಟವರು ಊರುಗಳ ಪಟ್ಟಿಯನ್ನು ಬೆಳೆಸುವುದು ಸಹಜ. ಆದರೆ ನದೀಯಾನಕ್ಕೆ ಆ ಆತುರ ಸಲ್ಲದು. ಒಂದು ವಾರಕ್ಕೆ ಒಂದೇ ನದಿ ಸಾಕು. ದಕ್ಷಿಣದಲ್ಲಿ ಲಿಯೋನ್, ಆವಿನ್ಯೋನ್, ಆರ್ಲ್ ನಗರಗಳನ್ನು ತೋರಿಸುವ ರೋನ್ ನದಿಯುಂಟು. ಮೊದಲ ಸಲ ಹೋಗುವವರಿಗೆ ಸೇನ್ ನದಿಯೇ ಲೇಸೆಂದು ನನ್ನ ಮತ.

ಪ್ಯಾರಿಸಿನಿಂದ ರೂಆನ್ ನಗರಕ್ಕೆ ರೈಲಿನಲ್ಲಿ ಒಂದೂವರೆ ಗಂಟೆಯ ದಾರಿ. ನದಿಯಾದರೋ ಬಳಸಿ ಬಳಸಿ ಹರಿಯುತ್ತದೆ. ನಡುವೆ ಆರು ಕಡೆ ಕಟ್ಟೆಯ ಬಾಗಿಲುಗಳೊಳಗೆ ನೀರನ್ನು ತಗ್ಗಿಸಿ ಹಡಗನ್ನು ಕೆಳಗಿಳಿಸುತ್ತಾರೆ. ವೆರ್ನೋನಿನಲ್ಲಿ ಇಳಿದರೆ, ಚಿತ್ರಕಾರ ಮೋನೆಯು 1883ರಿಂದ 1926ರಲ್ಲಿ ತೀರಿಕೊಳ್ಳುವವರೆಗೆ ಬಾಳಿದ ಜಿವರ್ನಿ ಗ್ರಾಮವು ಸಮೀಪದಲ್ಲಿದೆ. ಅವನ ತಾವರೆಗೊಳವನ್ನು ಚಳಿಗಾಲದಲ್ಲಿ ನೋಡಲಾಗದು. ಆದುದರಿಂದ ಮೇ ತಿಂಗಳನ್ನಾಗಲಿ ಸೆಪ್ಟೆಂಬರನ್ನಾಗಲಿ ಆರಿಸಿಕೊಳ್ಳುವುದು ಯುಕ್ತ.

ರೂಆನಿಗೆ ಒಂದು ಪೂರ್ಣ ದಿನವನ್ನು ಮೀಸಲಿಡಿರಿ. 1431ರಲ್ಲಿ ಜೋನ್ ಎಂಬ ತರುಣಿಯನ್ನು ಸುಟ್ಟದ್ದು ಅಲ್ಲಿಯ ಹಳೆಯ ಸಂತೆಯ ಚೌಕದಲ್ಲಿ. ನಮ್ಮಂಥ ಅಧ್ಯಾಪಕರು ತರಗತಿಯಲ್ಲಿ ಆ ಕಥೆಯನ್ನು ಹತ್ತು ನಿಮಿಷದಲ್ಲಿ ಮುಗಿಸಿಬಿಡುತ್ತೇವೆ. ಆ ಚೌಕದಲ್ಲಿ ನಿಂತವರಿಗೆ ಅಷ್ಟು ಸಾಲದು.

ಇನ್ನೊಂದು ಎಚ್ಚರಿಕೆ. ಪ್ರವಾಹ ಬಂದರೆ ಹಡಗುಗಳು ಸೇತುವೆಗಳ ಕೆಳಗೆ ಹಾಯಲಾರವು. 2016ರ ಜೂನಿನಲ್ಲಿಯೂ 2018ರ ಜನವರಿಯಲ್ಲಿಯೂ ಪ್ಯಾರಿಸಿನಲ್ಲಿ ಸಂಚಾರ ನಿಂತಿತ್ತು. ಹಡಗಿನಿಂದ ಇಳಿದ ದಿನವೇ ವಿಮಾನ ಹತ್ತುವಂತೆ ಗೊತ್ತುಮಾಡಿಕೊಳ್ಳದೆ ಎರಡು ದಿನಗಳನ್ನು ಬಿಡುವಾಗಿ ಉಳಿಸಿಕೊಳ್ಳಿರಿ. ಅವಕ್ಕೆ ತಗಲುವ ವೆಚ್ಚವನ್ನು ಬೇಕಾದರೆ ಇನ್ನೊಂದು ಊರನ್ನು ಬಿಟ್ಟು ತುಂಬಿಕೊಳ್ಳಬಹುದು.