ಕಡತದ ಬೆಲೆ, ಲೆಕ್ಕದ ಹೊಣೆ



ಸರ್ಕಾರಿ ಕಡತಕ್ಕೆ ಬೆಲೆ ಎಷ್ಟು? ಪ್ರಜೆಗಳ ತೆರಿಗೆಯಿಂದಲೇ ಸಿದ್ಧವಾದ ಕಡತಕ್ಕೆ ಮತ್ತೆ ಬೆಲೆ ಕಟ್ಟಲಾಗದು. ಅದರ ಪ್ರತಿ ಮಾಡಿಕೊಡುವ ವೆಚ್ಚವನ್ನಷ್ಟೇ ಕೇಳಬಹುದು. ಶುಲ್ಕವು ಸಮಂಜಸವಾಗಿರಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯೇ ವಿಧಿಸಿದೆ.

ಕೇಂದ್ರ ಸರ್ಕಾರದ 2012ರ ನಿಯಮಗಳಂತೆ ಅರ್ಜಿ ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ. ಕಡತವನ್ನು ಕಚೇರಿಯಲ್ಲಿಯೇ ಪರಿಶೀಲಿಸುವುದಾದರೆ ಮೊದಲ ಗಂಟೆ ಉಚಿತ, ಅನಂತರ ಗಂಟೆಗೆ 5 ರೂಪಾಯಿ. ಕರ್ನಾಟಕ, ಮಹಾರಾಷ್ಟ್ರಗಳಲ್ಲಿಯೂ ಅರ್ಜಿ ಶುಲ್ಕ 10 ರೂಪಾಯಿಯೇ. ಆದರೆ ಅಲ್ಲಿ ಅರ್ಜಿಯು ಒಂದೇ ವಿಷಯವನ್ನು ಕುರಿತು, ಸಾಮಾನ್ಯವಾಗಿ 150 ಪದಗಳೊಳಗೆ ಇರಬೇಕು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಕೆಲವು ಸಂಸ್ಥೆಗಳು ವಿಧಿಸಿದ್ದ ಅಧಿಕ ಶುಲ್ಕವನ್ನು ಪ್ರಶ್ನಿಸಿದಾಗ, ಅರ್ಜಿಗೆ 50 ರೂಪಾಯಿ, ಪುಟಕ್ಕೆ 5 ರೂಪಾಯಿಗಳನ್ನು ಸಾಮಾನ್ಯವಾಗಿ ಮೀರಬಾರದೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿತು.

ಆದರೂ ಶುಲ್ಕವನ್ನೇ ಅಡ್ಡಗೋಡೆಯಾಗಿಸಲು ಸಾಧ್ಯವಿದೆ. ಪುಟಗಳು ಸಾವಿರಾರು ಇವೆ, ಹಣ ಕಟ್ಟಿರಿ ಎಂಬ ಪತ್ರ ಬಂದರೆ ಅರ್ಜಿದಾರನು ಅಲ್ಲಿಗೇ ಕೈಬಿಡುತ್ತಾನೆ. ಕೈಬಿಡಬೇಕಾಗಿಲ್ಲ. ಹೆಚ್ಚುವರಿ ಹಣ ಕೇಳುವ ಅಧಿಕಾರಿಯು ಅದರ ಲೆಕ್ಕಾಚಾರವನ್ನೂ ತಿಳಿಸಬೇಕು. ಆ ಮೊತ್ತವನ್ನೇ ಪ್ರಶ್ನಿಸಲು ಅವಕಾಶವಿದೆ. ಮೊದಲು ಕಡತವನ್ನು ಪರಿಶೀಲಿಸಿ, ಬೇಕಾದ ಪುಟಗಳನ್ನಷ್ಟೇ ಪಡೆಯಬಹುದು. ಕಾಯ್ದೆಯ ಅವಧಿ ಸಾಮಾನ್ಯವಾಗಿ 30 ದಿನ. ಅದು ಮೀರಿದರೆ ಮಾಹಿತಿಯನ್ನು ಉಚಿತವಾಗಿಯೇ ಕೊಡಬೇಕು. ಹಣ ಕೇಳಿದ ಪತ್ರ ಹೊರಟಂದಿನಿಂದ ಹಣ ಸಂದಾಯವಾಗುವವರೆಗಿನ ದಿನಗಳು ಮಾತ್ರ ಆ ಲೆಕ್ಕಕ್ಕೆ ಸೇರವು. ಆದುದರಿಂದ ಪಾವತಿಯಲ್ಲಿ ವಿಳಂಬ ಸಲ್ಲದು.

2014ರಲ್ಲಿ ಜೈನ ಸಮಾಜಕ್ಕೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮಾನ್ಯತೆ ದೊರೆಯಿತು. ವಿದ್ಯಾರ್ಥಿವೇತನದ ಅರ್ಜಿ ಎಲ್ಲಿ ನಿಂತಿದೆ, ಊರಿನ ಬಸದಿಗೆ ಮಂಜೂರಾದ ಅನುದಾನ ಏನಾಯಿತು ಎಂದು ಮುಂಬಯಿ, ಪುಣೆ, ಚೆನ್ನೈಗಳಲ್ಲಿ ನೆಲೆಸಿದ ಕುಟುಂಬಗಳು ಮಧ್ಯವರ್ತಿಗಳ ಬಾಯಿಂದ ಕೇಳಬೇಕಾಗಿಲ್ಲ. ಕರ್ನಾಟಕ ಸರ್ಕಾರಕ್ಕೆ ಆನ್‌ಲೈನ್ ಮೂಲಕವೂ ಅರ್ಜಿ ಸಲ್ಲಿಸಬಹುದು. ಪ್ರಯಾಣದ ಖರ್ಚು ಉಳಿಯುತ್ತದೆ.

ಸರ್ಕಾರದಿಂದ ಲೆಕ್ಕ ಕೇಳುವ ಸಮಾಜವು ತನ್ನ ಲೆಕ್ಕವನ್ನು ಮುಚ್ಚಿಡಬಹುದೇ? ಮಹಾರಾಷ್ಟ್ರದ ನೋಂದಾಯಿತ ಧಾರ್ಮಿಕ ಟ್ರಸ್ಟುಗಳು ಧರ್ಮಾದಾಯ ಆಯುಕ್ತರ ಕಚೇರಿಯ ನಿಗಾದಲ್ಲಿವೆ; ಅಲ್ಲಿಗೆ ಸಲ್ಲಿಕೆಯಾದ ದಾಖಲೆಗಾಗಿ ಆ ಕಚೇರಿಗೇ ಅರ್ಜಿ ಹಾಕಬಹುದು. ಆದರೆ ಶ್ರಾವಕನೊಬ್ಬನು ತಾನೇ ಕೊಟ್ಟ ದಾನದ ಲೆಕ್ಕಕ್ಕಾಗಿ ಸರ್ಕಾರದ ಬಾಗಿಲು ತಟ್ಟುವಂತಾಗುವುದು ಸಂಘಕ್ಕೆ ಶೋಭೆಯಲ್ಲ. ಅಪರಿಗ್ರಹವನ್ನು ವ್ರತವೆಂದು ಬಗೆದವರು ಲೆಕ್ಕಪುಸ್ತಕವನ್ನೂ ಕೂಡಿಟ್ಟುಕೊಳ್ಳಲಾಗದು.

ಕೇಳದೆಯೇ ಮಾಹಿತಿ ಪ್ರಕಟಿಸುವ ಕರ್ತವ್ಯವನ್ನು ಕಾಯ್ದೆಯ 4ನೆಯ ಕಲಮು ಸರ್ಕಾರಿ ಕಚೇರಿಗಳಿಗೆ ವಿಧಿಸಿದೆ. ಅದನ್ನೇ ಸಂಘಗಳೂ ಅನುಸರಿಸಲಿ. ಬರುವ ಮಹಾವೀರ ಜಯಂತಿಯ ಒಳಗೆ ಪ್ರತಿಯೊಂದು ಬಸದಿಯ ಫಲಕದ ಮೇಲೆ ವರ್ಷದ ಆಯವ್ಯಯ ಕಾಣುವಂತಾಗಲಿ. ಅದನ್ನು ಓದಲು ಯಾರೂ ಹತ್ತು ರೂಪಾಯಿಯನ್ನೂ ತೆರಬೇಕಾಗದು.