ಚೆಲ್ಟನ್‌ಹ್ಯಾಮ್ ಕುದುರೆ ಪಂದ್ಯ: ದಾಖಲೆಗೆ ಸೇರದ ಲೆಕ್ಕ

(ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)

ಕುದುರೆ ಜೂಜಿನ ಹೆಸರೆತ್ತಿದರೆ ನಮ್ಮ ಮನೆಗಳಲ್ಲಿ ಹೆಂಗಸರಿಗೆ ಸಿಟ್ಟು ಬರುತ್ತದೆ. ನ್ಯಾಯವಾದ ಸಿಟ್ಟೇ ಅದು. ಆದರೂ ಯಾವುದನ್ನೇ ಆಗಲಿ ಹಳಿಯುವ ಮೊದಲು ತಿಳಿದುಕೊಳ್ಳುವುದು ಒಳ್ಳೆಯದು. ಆದ್ದರಿಂದ ಇಂದು ನಾವು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಪಂದ್ಯಗಳ ಚರಿತ್ರೆಯನ್ನು ವಿಚಾರ ಮಾಡೋಣ.

ಬೆಂಗಳೂರು, ಮೈಸೂರುಗಳಲ್ಲಿ ಕುದುರೆಗಳು ಸಮತಟ್ಟಾದ ನೆಲದ ಮೇಲೆ ಓಡುತ್ತವೆ. ಚೆಲ್ಟನ್‌ಹ್ಯಾಮಿನಲ್ಲಿ ಅವು ಬೇಲಿಗಳನ್ನು ಹಾರಿ ಓಡಬೇಕು. 1911ರಿಂದ ಅಲ್ಲಿ ನೆಲೆಯೂರಿದ ಈ ಜಾತ್ರೆ ಮಾರ್ಚ್ ತಿಂಗಳಲ್ಲಿ ನಡೆಯುತ್ತದೆ. 2005ರಿಂದ ಅದಕ್ಕೆ ನಾಲ್ಕು ದಿನ. 2001ರಲ್ಲಿ ದನಗಳಿಗೆ ಕಾಲುಬಾಯಿ ರೋಗ ಹಬ್ಬಿ ಪಂದ್ಯವೇ ನಿಂತುಹೋಯಿತು. ಇಲ್ಲಿನ ಹಿರಿಯ ಸ್ಪರ್ಧೆ ‘ಗೋಲ್ಡ್ ಕಪ್’. ಬೇಲಿ ಹಾರುವ ಓಟವಾಗಿ ಅದು 1924ರಲ್ಲಿ ಆರಂಭವಾಯಿತು. ಮೂರೂಕಾಲು ಮೈಲಿಗೂ ಮಿಗಿಲಾದ ದೂರ, 22 ಬೇಲಿಗಳು. ಬಿದ್ದ ಕುದುರೆ ಏಳದೇ ಹೋಗುವುದೂ ಉಂಟು.

‘ಗೋಲ್ಡನ್ ಮಿಲ್ಲರ್’ ಎಂಬ ಕುದುರೆ 1932ರಿಂದ 1936ರವರೆಗೆ ಸತತವಾಗಿ ಐದು ಸಲ ಗೋಲ್ಡ್ ಕಪ್ ಗೆದ್ದಿತು. ಐರ್ಲೆಂಡಿನ ‘ಆರ್ಕಲ್’ 1964, 1965, 1966ರಲ್ಲಿ ಗೆದ್ದಿತು. ಅದು ಎಷ್ಟು ಬಲಶಾಲಿಯಾಗಿತ್ತೆಂದರೆ, ಐರ್ಲೆಂಡಿನ ಅಧಿಕಾರಿಗಳು ಕುದುರೆಗಳಿಗೆ ಹೊರಿಸುವ ಭಾರದ ಪಟ್ಟಿಯನ್ನು ಎರಡು ಬಗೆಯಾಗಿ ಮಾಡಬೇಕಾಯಿತು: ಆರ್ಕಲ್ ಓಡುವುದಾದರೆ ಒಂದು, ಓಡದಿದ್ದರೆ ಇನ್ನೊಂದು. 2022ರಲ್ಲಿ ರೇಚಲ್ ಬ್ಲ್ಯಾಕ್‌ಮೋರ್ ಗೋಲ್ಡ್ ಕಪ್ ಗೆದ್ದ ಮೊದಲ ಮಹಿಳಾ ಸವಾರಳಾದಳು.

ನಮಗೆ ಹೆಚ್ಚು ಹಿಡಿಸುವ ಸಂಗತಿ 1990ರದು. ವೇಲ್ಸ್ ನಾಡಿನ ಸಿರೆಲ್ ಗ್ರಿಫಿತ್ಸ್ ಹಾಲಿನ ಕಸುಬಿನ ರೈತ. ಬೆಳಿಗ್ಗೆ ಹಸುಗಳ ಹಾಲು ಕರೆದು, ತಾನೇ ಪಳಗಿಸಿದ ‘ನಾರ್ಟನ್ಸ್ ಕಾಯಿನ್’ ಕುದುರೆಯೊಂದಿಗೆ ಪಂದ್ಯಕ್ಕೆ ಬಂದ. ಬುಕ್ಕಿಗಳು ಒಂದಕ್ಕೆ ನೂರು ಕೊಡುವುದಾಗಿ ಕೂಗಿದ್ದರು; ಎಂದರೆ ಅದು ಗೆಲ್ಲುವುದೆಂಬ ನಂಬಿಕೆ ಯಾರಿಗೂ ಇರಲಿಲ್ಲ. ಸಿರಿವಂತರ ಕುದುರೆಗಳೆಲ್ಲ ಹಿಂದೆ ಬಿದ್ದವು, ರೈತನ ಕುದುರೆ ಗೆದ್ದಿತು!

ಇಂಥ ಕಥೆ ಕೇಳಿದಾಗ ನಮ್ಮವರಲ್ಲೂ ಒಬ್ಬನಿಗೆ ಆಸೆ ಹುಟ್ಟುತ್ತದೆ. ಇಲ್ಲಿಯೇ ನಾವು ಎಚ್ಚರವಾಗಿರಬೇಕು. ಗ್ರಿಫಿತ್ಸ್ ಗೆದ್ದದ್ದು ವರ್ಷಗಳ ದುಡಿಮೆಯಿಂದ. ಹಣ ಕಟ್ಟುವವನ ಕೈಯಲ್ಲಿರುವುದು ಊಹೆ ಮಾತ್ರ. ಆ ದಿನ ಬೇರೆ ಕುದುರೆಗಳ ಮೇಲೆ ಹಣ ಕಟ್ಟಿ ಕಳೆದುಕೊಂಡವರ ಹೆಸರು ಯಾವ ದಾಖಲೆಯಲ್ಲಿದೆ?

ಬುಕ್ಕಿಯ ಲೆಕ್ಕವನ್ನು ನೋಡಿ. ಸಮಬಲದ ನಾಲ್ಕು ಕುದುರೆಗಳಿವೆ ಎನ್ನೋಣ. ನ್ಯಾಯವಾಗಿ ಒಂದಕ್ಕೆ ಮೂರು ಕೊಡಬೇಕು. ಅವನು ಎರಡು ಕೊಡುತ್ತಾನೆ. ನಾಲ್ವರು ಒಂದೊಂದು ಕುದುರೆಯ ಮೇಲೆ ಒಂದೊಂದು ರೂಪಾಯಿ ಕಟ್ಟಿದರೆ ಅವನಿಗೆ ಬಂದದ್ದು ನಾಲ್ಕು. ಗೆದ್ದವನಿಗೆ ಅವನ ರೂಪಾಯಿಯೂ ಸೇರಿ ಮೂರು ಕೊಟ್ಟರೆ ಯಾವ ಕುದುರೆ ಗೆದ್ದರೂ ಒಂದು ರೂಪಾಯಿ ಬುಕ್ಕಿಯ ಜೇಬಿಗೆ. ನಿಜವಾದ ಪಂದ್ಯದಲ್ಲಿ ಅವನ ಪಾಲು ಇದಕ್ಕಿಂತ ಕಡಿಮೆಯಿರಬಹುದು. ಪದ್ಧತಿ ಮಾತ್ರ ಇದೇ. ತಕ್ಕಡಿಯ ಮೋಸವನ್ನು ಕಣ್ಣಲ್ಲೇ ಅಳೆಯಬಲ್ಲ ನಮ್ಮ ಅಂಗಡಿಯ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನಿನ ಕಥೆಯನ್ನೂ ಕೇಳಿ. 1906ರಲ್ಲಿ ಬ್ರಿಟನ್ನಿನ ಸರ್ಕಾರ ಬೀದಿಯಲ್ಲಿ ಪಣ ಕಟ್ಟುವುದನ್ನು ಅಪರಾಧ ಮಾಡಿತು. ನಗದು ಚಿಲ್ಲರೆ ಹಿಡಿದುಬಂದ ಕೂಲಿಕಾರ ಪೊಲೀಸರ ಕೈಗೆ ಸಿಕ್ಕಿಬೀಳುತ್ತಿದ್ದ. ಬುಕ್ಕಿಯಲ್ಲಿ ಸಾಲದ ಖಾತೆಯಿದ್ದ ಧನಿಕ ಮನೆಯಿಂದಲೇ ಟೆಲಿಫೋನಿನಲ್ಲಿ ಪಣ ಕಟ್ಟುತ್ತಿದ್ದ, ಅದು ಅಪರಾಧವಲ್ಲ! 1961ರಲ್ಲಿ ಪಣದ ಅಂಗಡಿಗಳಿಗೆ ಅನುಮತಿ ಸಿಕ್ಕಿತು. ಕಾನೂನಿನ ಭೇದ ಹೋಯಿತು, ಬುಕ್ಕಿಯ ಲೆಕ್ಕ ಹಾಗೆಯೇ ಉಳಿಯಿತು.

ಆದ್ದರಿಂದ, ಮಿತ್ರರೇ, ಕುದುರೆಯ ಬಲವನ್ನೂ ಸವಾರರ ಧೈರ್ಯವನ್ನೂ ನಾವು ಮೆಚ್ಚೋಣ. ಹಾಲು ಕರೆದು ಬಂದ ರೈತನ ಗೆಲುವಿಗೆ ಹೆಮ್ಮೆಪಡೋಣ. ಆದರೆ ಬಟವಾಡೆಯ ದಿನದ ಹಣ ಮೊದಲು ಅಕ್ಕಿಯಂಗಡಿಗೆ ಹೋಗಲಿ, ಮಕ್ಕಳ ಪುಸ್ತಕಕ್ಕೆ ಹೋಗಲಿ. ಬುಕ್ಕಿಯ ಬಾಗಿಲಿಗೆ ಅದು ಹೋಗದಂತೆ ನಾವು ಒಬ್ಬರನ್ನೊಬ್ಬರು ತಡೆಯೋಣ.